ಒಂದು ಗಂಟಲು, ಎರಡು ಹುಕುಂ

ಮಾತಾಡಬೇಕೆಂದು ಬಾಯಿ ತೆರೆದನೆಂದರೆ ಅವನ ಗಂಟಲಮಣಿ ಸರ್ರನೆ ಮೇಲೇರಿ ಗದ್ದದ ಬುಡದಲ್ಲಿ ನಿಂತುಬಿಡುತ್ತಿತ್ತು, ಬಾವಿಯಿಂದ ಜಗ್ಗುತ್ತಿದ್ದ ಕೊಡ ನಡುವಿನ ಕಲ್ಲಿಗೆ ಸಿಕ್ಕಿಕೊಂಡ ಹಾಗೆ. ಕುತ್ತಿಗೆಯ ಎರಡೂ ಪಕ್ಕದ ನರಗಳು ಹಗ್ಗದಂತೆ ಬಿಗಿಯುತ್ತಿದ್ದವು. ಎಡಗೈಯ ಹೆಬ್ಬೆರಳು ತಾನೇ ಹೋಗಿ ಗಂಟಲಿನ ಪಕ್ಕವನ್ನು ಒತ್ತಿ ಹಿಡಿಯುತ್ತಿತ್ತು. ಆಮೇಲೆ ಮಾತು ಬರುತ್ತಿತ್ತು, ಇಡಿಯಾಗಿ ಅಲ್ಲ, ಒಡೆದ ಗಡಿಗೆಯ ಬೋಕಿ ಬೋಕಿಯಾಗಿ. "ಸಾ... ಹೇಬ್... ರ, ಕರಿ... ಲಾ..." ಅನ್ನುವಷ್ಟರಲ್ಲಿ ಸಾಹೇಬರು ಊಟಕ್ಕೆ ಎದ್ದಿರುತ್ತಿದ್ದರು.

ಇಂಥ ಗಂಟಲಿನ ಮನುಷ್ಯನಿಗೆ ಸರಕಾರ ಕೊಟ್ಟ ಉದ್ಯೋಗ ಯಾವುದೆಂದರೆ, ಕೂಗುವುದು. ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿದಾರರ ಹೆಸರು ಹಿಡಿದು ಪುಕಾರ ಮಾಡುವ ಪಟ್ಟೇವಾಲಾ. ಹೆಗಲಿಂದ ಸೊಂಟಕ್ಕೆ ಇಳಿದ ಕೆಂಪು ಪಟ್ಟಿ, ಅದರ ಮೇಲೆ ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆ ಬಿಲ್ಲೆ. ಊರಿನವರೆಲ್ಲ ಅವನನ್ನು ಪುಕಾರ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಅವನ ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಆ ಮಾತಿಗೆ ಕಡೆಗೆ ಬರುತ್ತೇನೆ.

ಯಾವ ಊರ ಕೋರ್ಟು ಎಂಬುದನ್ನೂ ಬರೆಯುವುದಿಲ್ಲ. ಜಮಖಂಡಿಯವರು ಮುಧೋಳದ್ದೆಂದೂ ಮುಧೋಳದವರು ಜಮಖಂಡಿಯದೆಂದೂ ತಿಳಿದುಕೊಂಡು ಸಮಾಧಾನದಿಂದ ಇರಲಿ. ಬೀಳಗಿಯವರು ಹೇಗೂ ಸಮಾಧಾನದಿಂದ ಇರುವ ಜನ. ಸಂಸ್ಥಾನಗಳೆಲ್ಲ ಮುಂಬಯಿ ಸರಕಾರದಲ್ಲಿ ಕರಗಿದ ಹೊಸತು. ನಾನು ಆ ಕೋರ್ಟಿಗೆ ಕಾರಕೂನನಾಗಿ ಸೇರಿದೆ. ಇಡೀ ಮನೆತನದಲ್ಲಿ ಅಕ್ಷರ ದುಂಡಗಿದ್ದವನು ನಾನೊಬ್ಬನೇ. ಆ ಒಂದು ಯೋಗ್ಯತೆಯ ಮೇಲೆ ಸಾಹೇಬರ ಹುಕುಂಗಳನ್ನು ಸ್ವಚ್ಛ ಪ್ರತಿ ಮಾಡುವ ಕೆಲಸ ನನಗೆ ಬಿತ್ತು. ಜೊತೆಗೆ ಇನ್ನೊಂದು ಕೆಲಸ. ಪುಕಾರ ಮೂರು ಸಲ ಆಗಿ, ಮೂರನೆಯದಕ್ಕೂ ಯಾರೂ ಓಗೊಡದಿದ್ದರೆ ಆ ಹೆಸರಿನ ಮುಂದೆ 'ಗೈರಹಾಜರ' ಎಂದು ಬರೆಯುವುದು. ಬರೆದೆನೆಂದರೆ ಬ್ರಹ್ಮ ಬಂದರೂ ಅಳಿಸುವಂತಿರಲಿಲ್ಲ. ಬ್ರಹ್ಮನೂ ಅರ್ಜಿ ಕೊಡಬೇಕು, ಮೇಲೆ ಕೋರ್ಟು ಫೀಯ ತಿಕೀಟು ಹಚ್ಚಬೇಕು.

ಸಂಸ್ಥಾನದ ಕಾಲದಿಂದ ಕಾಕಾನ ಪುಕಾರ ಒಂದು ಹಾಡಿನ ಧಾಟಿಯಲ್ಲಿತ್ತು. ಎಡಗೈಯನ್ನು ಕಿವಿಯ ಹಿಂದೆ ಇಟ್ಟು, ಕಣ್ಣು ಅರೆಮುಚ್ಚಿ ಎಳೆಯುತ್ತಿದ್ದ. ವಾದಿಯ ಹೆಸರಾದರೆ ದನಿ ಮೇಲೇರುತ್ತ ಹೋಗುತ್ತಿತ್ತು, ಪ್ರತಿವಾದಿಯದಾದರೆ ಇಳಿಯುತ್ತ ಬರುತ್ತಿತ್ತು, ಸಾಕ್ಷಿದಾರರದು ಎರಡೇ ಹೊರಳು. "ಹಾಜರಾಗ್ರೆಪೋ..." ಎಂಬ ಕಡೆಯ ಎಳೆತ ಅಂಗಳದ ಬೇವಿನಮರ ದಾಟಿ, ಮೋಟಾರ ಸ್ಟ್ಯಾಂಡು ದಾಟಿ, ದನದ ಪೇಟೆಯವರೆಗೆ ಹೋಗುತ್ತಿತ್ತು. ಸುತ್ತಲ ಹಳ್ಳಿಗಳಿಂದ ಬಂದ ಮಂದಿ ಬೇವಿನ ಕೆಳಗೆ ಬುತ್ತಿ ಬಿಚ್ಚಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ತಮ್ಮ ತಮ್ಮ ಜಗಳಗಳನ್ನು ಆಡಿಕೊಂಡು ಕೂತಿರುತ್ತಿದ್ದರು. ಅವರಿಗೆ ಶಬ್ದ ಬೇಕಾಗಿರಲಿಲ್ಲ. ಧಾಟಿ ಎದ್ದ ಕೂಡಲೇ ಕಿವಿ ನಿಮಿರುತ್ತಿತ್ತು. ಹೆಸರು ಆಮೇಲೆ.

ಆ ಗಂಟಲಿಗೆ ರೋಗ ಬಂದದ್ದು ನಾನು ಸೇರಿದ ವರ್ಷದಲ್ಲೇ. ಮೊದಲು ನೆಗಡಿ ಅಂದರು. ನೆಗಡಿ ಹೋಯಿತು, ದನಿ ತಿರುಗಿ ಬರಲಿಲ್ಲ. ಉಗ್ಗು ಅಂದರು. ಉಗ್ಗುವವನಿಗೆ ಅಕ್ಷರ ಅಡ್ಡಗಟ್ಟುತ್ತದೆ, ಇವನಿಗೆ ಅಡ್ಡಗಟ್ಟುತ್ತಿದ್ದದ್ದು ಯಾರೋ ಒಳಗಿನಿಂದ ಕುತ್ತಿಗೆ ಹಿಚುಕಿದ ಹಾಗೆ. ಊರಿನಲ್ಲಿ ವೈದ್ಯರಲ್ಲದವರು ಯಾರೂ ಇರಲಿಲ್ಲವೆಂಬುದು ಆಗ ತಿಳಿಯಿತು. ವಕೀಲರು ಜೇಷ್ಠಮಧು ಹೇಳಿದರು, ಸಮನ್ಸು ಮುಟ್ಟಿಸುವ ಬೇಲೀಫ ಕರಿಮೆಣಸು ಹೇಳಿದ, ಎರಡು ಖೂನಿನ ಖಟ್ಲೆಯಲ್ಲಿ ಸಾಕ್ಷಿ ಹೇಳಿದ್ದ ಕ್ಷೌರಿಕ ಕತ್ತೆಯ ಹಾಲು ಹೇಳಿದ. ಕಾಕಾ ಎಲ್ಲವನ್ನೂ ವಿಧೇಯತೆಯಿಂದ ಸೇವಿಸಿದ. ಕೊರಳಲ್ಲಿ ತಾಯಿತ ಬಂತು, ಅದರ ಪಕ್ಕ ಇನ್ನೊಂದು ಬಂತು. ಗಂಟಲು ಮಾತ್ರ ಯಾರ ಪಕ್ಷವನ್ನೂ ವಹಿಸಲಿಲ್ಲ.

ಇಷ್ಟಾಗಿದ್ದರೆ ಜನ ಅಯ್ಯೋ ಅನ್ನುತ್ತಿದ್ದರು. ತೊಂದರೆ ಬೇರೆಯೇ ಇತ್ತು. ಆ ರೋಗ ಅವನ ಮಾತನ್ನಷ್ಟೇ ಹಿಡಿದಿತ್ತು, ಹಾಡನ್ನು ಹಿಡಿದಿರಲಿಲ್ಲ. ಪುಕಾರದ ಧಾಟಿ ಮೊದಲಿನಂತೆಯೇ ಗಂಟೆಯ ಹಾಗೆ ಏಳುತ್ತಿತ್ತು. ಭಜನೆಯಲ್ಲಿ ಎಲ್ಲರಿಗಿಂತ ಮೇಲೆ ಅವನ ದನಿ. ನಗು ಬಂದರೆ ಗೋಡೆ ನಡುಗುವಂತೆ ನಗುತ್ತಿದ್ದ. ಪಿಸುಗುಟ್ಟಿದರೆ ಮಾತು ಹೆಚ್ಚು ಕಡಿಮೆ ನೆಟ್ಟಗೆ ಬರುತ್ತಿತ್ತು. ಮನೆಯಲ್ಲೊಂದು ಎಮ್ಮೆ ಇತ್ತು, ಅದನ್ನು ಬೈಯುವಾಗ ಒಂದಕ್ಷರವೂ ತಡವರಿಸುತ್ತಿರಲಿಲ್ಲ.

"ಎಮ್ಮಿ ಕೂಡ ತಾಸಗಟ್ಲೆ ಮಾತಾಡ್ತಾನ. ನಮ್ಮ ಕೂಡ ಮಾತಾಡಾಕ ಏನ್ ಧಾಡಿ ಬಂದೈತಿ?" ಎಂದು ಚಹಾದಂಗಡಿಯಲ್ಲಿ ಮಾತು ನಡೆಯುತ್ತಿತ್ತು. "ಸೋಗು. ಬರೇ ಸೋಗು. ಕೆಲಸ ತಪ್ಪಸ್ಕೋಳ್ಳಾಕ."

ಅದೇ ಅಂಗಡಿಯಲ್ಲಿ ಕಾಕಾ ಮೂಲೆಯಲ್ಲಿ ಕೂತು ಬೆರಳು ತೋರಿಸಿ ಚಹಾ ತರಿಸಿಕೊಳ್ಳುತ್ತಿದ್ದ. ಅಂಗಡಿಯವ ಅವನಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ತನ್ನಷ್ಟಕ್ಕೆ ತೀರ್ಮಾನಿಸಿ, "ಏ ಕಾಕಾ, ಸಕ್ರಿ ಸಾಕೇನೋ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದ. ಕಾಕಾ ಬಾಯಿ ತೆರೆದರೆ ಅವನ ಅರ್ಧ ಮಾತನ್ನು ಎದುರಿನವರು ತಾವೇ ಮುಗಿಸಿಕೊಡುತ್ತಿದ್ದರು, ಸಾಮಾನ್ಯವಾಗಿ ತಪ್ಪಾಗಿ. ಮೆಣಸಿನಕಾಯಿ ತರಲು ಹೋದವನು ಮೆಂತ್ಯ ಹಿಡಿದುಕೊಂಡು ಬರುತ್ತಿದ್ದ. ತಿದ್ದುವುದಕ್ಕಿಂತ ಮೆಂತ್ಯದ ಪಲ್ಯ ಉಣ್ಣುವುದು ಹಗುರ ಎನ್ನುವ ಮಟ್ಟಕ್ಕೆ ಬಂದಿದ್ದ.

ಮಗಳಿಗೆ ಲೋಕಾಪುರದ ಕಡೆಯಿಂದ ಒಂದು ಛಲೋ ಸಂಬಂಧ ಬಂತು. ಹುಡುಗಿ ಒಪ್ಪಿಗೆಯಾಯಿತು, ಸಕ್ಕರೆ ಹಂಚುವ ದಿನ ಹಿರಿಯರೆಲ್ಲ ಕೂತರು. ನಾನೂ ಇದ್ದೆ. ಅಂಥ ಹೊತ್ತಿನಲ್ಲಿ ಹೆಣ್ಣಿನ ತಂದೆ ನಾಲ್ಕು ಜನರೆದುರು ಬಾಯಿ ಬಿಟ್ಟು, "ನನ್ನ ಮಗಳನ್ನ ನಿಮ್ಮ ಮನಿಗಿ ಕೊಟ್ಟೆ" ಎಂದು ಅನ್ನಬೇಕು. ಅದು ಪದ್ಧತಿ. ಕಾಕಾ ಎದ್ದು ನಿಂತ. ಗಂಟಲಮಣಿ ಮೇಲೇರಿತು, ಅಲ್ಲೇ ನಿಂತಿತು. "ಕೊ... ಕೊ..." ಅಷ್ಟೇ. ಮುಖ ಕೆಂಪಾಯಿತು, ಬೆವರಿತು. ಗಂಡಿನ ಸೋದರಮಾವ ಒಂದು ಗಳಿಗೆ ಕಾದು, "ಏನ್ರೀ, ಕೊಡೂ ಮನಸಿಲ್ಲೇನು?" ಅಂದ. ಕಾಕಾ ಕೈ ಮುಗಿದ, ಎದೆ ಮುಟ್ಟಿಕೊಂಡ, ಕಿವಿಯ ಹಿಂದೆ ಕೈ ಇಡಲು ಹೋದ. ಹಾಡಿ ಹೇಳಿಬಿಡುವವನಿದ್ದ. ಅಷ್ಟರಲ್ಲಿ ಅವನ ಹೆಂಡತಿ ಒಳಬಾಗಿಲಿನಿಂದ ಸೆರಗು ಕಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಬ್ಯಾಡ, ಮಂದಿ ನಗತಾರ. ಕೈ ಕೆಳಗಿಳಿಯಿತು. ಬಂದವರು ಗುಸುಗುಸು ಮಾಡಿದರು. ಹುಡುಗಿಯ ಮಕ್ಕಳಿಗೂ ಇದು ಬಂದರೆ ಏನು ಗತಿ ಎಂಬ ದೂರದೃಷ್ಟಿ ಯಾರಿಗೋ ಹೊಳೆಯಿತು. ಸಕ್ಕರೆ ತಟ್ಟೆಯಲ್ಲೇ ಉಳಿಯಿತು.

ಮರುದಿನ ಕೋರ್ಟಿನ ಜಗಲಿಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ರಾಯರ, ಪುಕಾರ ಬಿಟ್ಟು ಮತ್ಯಾವದಕ್ಕೂ ಇನ್ನ ಈ ಹಾಡು ಹಚ್ಚೂದಿಲ್ಲ. ಹೊಟ್ಟಿ ಪಾಡಿಗೆ ಅಷ್ಟ." ಅದೊಂದು ಆಣೆ ಎಂದು ನನಗೆ ಆಗ ಅನಿಸಲಿಲ್ಲ.

ಹೊಟ್ಟೆಪಾಡಿಗಾದರೂ ಆ ಹಾಡು ಉಳಿದಿದ್ದರೆ ಅವನ ಕಥೆ ಪಿಂಚಣಿಯವರೆಗೆ ಹೇಗೋ ತಲುಪುತ್ತಿತ್ತು. ಆದರೆ ಹೊಸ ಜಡ್ಜಸಾಹೇಬರು ಬಂದರು. ಧಾರವಾಡದ ಕಡೆಯ ಓದಿದ ಮನುಷ್ಯ, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬರೆಯುವುದು ನನಗೆ ಸುಲಭವಿತ್ತು. ಮೊದಲನೆಯ ದಿನ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಹೊರಗೆ ಕಾಕಾನ ಪುಕಾರ ಎದ್ದಿತು.

"ಯಾರು ಅದು, ಭಿಕ್ಷಾದವನನ್ನ ಕಟ್ಟೆ ಹತ್ತಲಿಕ್ಕೆ ಬಿಟ್ಟವರು?" ಎಂದರು.

ಶಿರಸ್ತೇದಾರರು ಎದ್ದು, ಇದು ಪುಕಾರವೆಂದೂ ಹಿಂದಿನಿಂದ ನಡೆದುಬಂದ ರಿವಾಜೆಂದೂ ಅರಿಕೆ ಮಾಡಿದರು.

"ರಿವಾಜು ಸಂಸ್ಥಾನದ ಕೂಡ ಹೋಯಿತು. ಇದು ಕೋರ್ಟು, ನಾಟಕದ ಕಂಪನಿ ಅಲ್ಲ. ಹೆಸರನ್ನು ಸಾದಾ ಧ್ವನಿಯಲ್ಲಿ, ಸ್ಪಷ್ಟವಾಗಿ, ಮೂರು ಸಲ ಕರೆಯಬೇಕು. ಅಷ್ಟೇ."

ಅಂದೇ ಹುಕುಂ ಆಯಿತು. ನಾನೇ ಪ್ರತಿ ಮಾಡಿ ಗೋಡೆಗೆ ಹಚ್ಚಿದೆ. ಕಾಕಾ ಅದರ ಮುಂದೆ ನಿಂತು ಬಹಳ ಹೊತ್ತು ಓದಿದ. ಆಮೇಲೆ ಹೆಬ್ಬೆರಳು ಗಂಟಲಿಗೆ ಒತ್ತಿಕೊಂಡು ಬಾಗಿಲಿಗೆ ಹೋದ.

ಸಾದಾ ಧ್ವನಿ ಎಂಬುದು ಅವನಲ್ಲಿ ಇರಲಿಲ್ಲವೆಂದು ಯಾರಾದರೂ ಸಾಹೇಬರಿಗೆ ಹೇಳಬಹುದಿತ್ತು. ಶಿರಸ್ತೇದಾರರು ಹೇಳಲಿಲ್ಲ, ಯಾಕೆಂದರೆ ಹೊಸ ಸಾಹೇಬರಿಗೆ ಮೊದಲನೆಯ ವಾರ ಏನನ್ನೂ ಹೇಳಬಾರದೆಂಬುದು ಅವರ ವ್ರತ. ಕಾಕಾ ತಾನೇ ಹೇಳಲು ಹೋಗಿ "ಸಾ..." ಎಂಬಲ್ಲಿ ನಿಂತ. ಸಾಹೇಬರು ಸಾಕಷ್ಟು ಹೊತ್ತು ಕಾದು, "ಆಯಿತು, ಹೋಗು" ಎಂದು ಕರುಣೆಯಿಂದಲೇ ಕಳಿಸಿದರು.

ಮೊದಲ ಕೆಲ ದಿನ ಹೇಗೋ ಸಾಗಿತು. ವಕೀಲರು ಒಳಗೇ ಇರುತ್ತಿದ್ದರು, ತಮ್ಮ ಪಕ್ಷಗಾರರನ್ನು ತಾವೇ ಕೈಬೀಸಿ ಕರೆಯುತ್ತಿದ್ದರು. ಆಮೇಲೆ ಬಾಳವ್ವನ ದಾವೆಯ ತಾರೀಖು ಬಂತು.

ಬಾಳವ್ವ ಹೊಳೆದಂಡೆಯ ಹಳ್ಳಿಯ ವಿಧವೆ. ಗಂಡ ಸತ್ತ ಮೇಲೆ ಮೈದುನ ಅವಳ ಪಾಲಿನ ಹೊಲವನ್ನು ತನ್ನದರಲ್ಲಿ ಸೇರಿಸಿ ಉತ್ತುಬಿಟ್ಟಿದ್ದ. ಅವಳಿಗೆ ಬೇರೆ ಏನೂ ಇರಲಿಲ್ಲ. ತಾರೀಖು ತಾರೀಖಿಗೆ ರೊಟ್ಟಿ ಕಟ್ಟಿಕೊಂಡು ನಡೆದು ಬರುತ್ತಿದ್ದಳು, ಬೇವಿನ ಬೇರಿನ ಮೇಲೆ ಕೂತಿರುತ್ತಿದ್ದಳು. ಆ ದಿನ ಅವಳ ವಕೀಲರು ಬೇರೆ ತಾಲೂಕಿನ ಕೋರ್ಟಿಗೆ ಹೋಗಿದ್ದರು. ಪುಕಾರ ಆಯಿತು. ಆಯಿತೆಂದು ನಾನು ಬರೆಯುತ್ತೇನೆ, ಯಾಕೆಂದರೆ ಕಾಕಾನ ಬೆನ್ನು ನಡುಗಿದ್ದನ್ನು ನಾನು ಒಳಗಿನಿಂದ ನೋಡಿದೆ. ಮೂರು ಸಲ ನಡುಗಿತು. ಅಂಗಳದಿಂದ ಯಾರೂ ಬರಲಿಲ್ಲ. ಸಾಹೇಬರು ನನ್ನ ಕಡೆ ನೋಡಿದರು. ನಾನು ಬರೆದೆ. ದಾವೆ ವಜಾ ಆಯಿತು.

ಮಧ್ಯಾಹ್ನ ಬಾಳವ್ವ ಒಳಗೆ ಇಣುಕಿ, "ನಂದು ಇನ್ನೂ ಬರಲಿಲ್ಲೇನ್ರೀ ಯಪ್ಪಾ?" ಅಂದಳು.

ವಿಷಯ ತಿಳಿಸಿದಾಗ ಅವಳು ಅಳಲಿಲ್ಲ. ಕಾಕಾನ ಎದುರಿಗೆ ಹೋಗಿ ನಿಂತು, "ನಾ ಇಲ್ಲೇ ಇದ್ನೆಲ್ಲೋ ಅಣ್ಣಾ" ಅಂದಳು. "ಈ ಬೇವಿನ ಬುಡಕ್ಕ. ನೀ ಬಾಗಲಕ್ಕ ಬಂದಿದ್ದೂ ಕಂಡೆ. ಏನೋ ಕೆಮ್ಮಿದಂಗ ಕೇಳಿಸ್ತು. ಕಾಕಾ ಗಂಟಲಾ ಸರಿ ಮಾಡ್ಕೋಳಾಕತ್ತಾನ, ಇನ್ನ ಪುಕಾರ ಎಬ್ಬಸ್ತಾನ ಅಂತ ಸೆರಗ ಝಾಡಸ್ಕೊಂಡು ಕುಂತಿದ್ನಿ. ನೀ ಎಬ್ಬಸಲೇ ಇಲ್ಲ."

ಅವಳು ಧಾಟಿಗಾಗಿ ಕಾದಿದ್ದಳು. ಆ ಅಂಗಳದಲ್ಲಿ ಕೂತ ಯಾರೇ ಆದರೂ ಅದಕ್ಕೇ ಕಾಯುತ್ತಿದ್ದರು.

ಅವಳ ವಕೀಲರು ತಿರುಗಿ ಬಂದು, ಪುಕಾರ ಕೇಳುವಂತಿರಲಿಲ್ಲ, ದಾವೆಯನ್ನು ಮತ್ತೆ ತೆಗೆದುಕೊಳ್ಳಬೇಕು ಎಂದು ಅರ್ಜಿ ಹಾಕಿದರು. ಸಾಕ್ಷಿ ಯಾರು? ಪುಕಾರ ಮಾಡಿದವನೇ. ಅವನು ಧ್ವನಿ ಹೊರಗೆ ಬರಲಿಲ್ಲವೆಂದು ಒಪ್ಪಿಕೊಂಡರೆ ಬಾಳವ್ವನ ಹೊಲಕ್ಕೆ ಜೀವ ಉಳಿಯುತ್ತದೆ, ಇವನ ನೌಕರಿ ಹೋಗುತ್ತದೆ. ಕೂಗಲಾರದ ಪುಕಾರಿನವನನ್ನು ಯಾವ ಸರಕಾರ ಇಟ್ಟುಕೊಳ್ಳುತ್ತದೆ?

ಶಿರಸ್ತೇದಾರರು ಕಾಕಾನನ್ನು ಕರೆದು ಕೂಡಿಸಿಕೊಂಡರು. ಅವನ ಮೇಲೆ ಅವರಿಗೆ ಖರೇ ಪ್ರೀತಿ ಇತ್ತು.

"ನೋಡು ಮಾರಾಯಾ, ನೀ ಸುಳ್ಳು ಹೇಳೂದು ಬ್ಯಾಡ. 'ಮೂರು ಸಲ ಕರದಿಯೇನು' ಅಂತ ಕೇಳ್ತಾರ. ಕರದಿಯಲ್ಲಾ? ತಲಿ ಹಾಕು. ಹೌದು ಅಂತ ಬರಕೋತಾರ. ಮುಗೀತು. ಬಾಯಿ ಬಾರದವರಿಗೆ ದೇವರು ತಲಿ ಯಾಕ ಕೊಟ್ಟಾನ? ಹಾಕಾಕ!"

ಎಷ್ಟು ಸರಳ ಉಪಾಯ. ಮಾತೇ ಬೇಡ, ತಲೆ ಅಲ್ಲಾಡಿಸಿದರೆ ಸಾಕು. ಜನ್ಮದಲ್ಲಿ ಮೊದಲ ಸಲ ಅವನ ರೋಗ ಅವನ ಪ್ರಯೋಜನಕ್ಕೆ ಬರುವುದಿತ್ತು.

ಹೊರಗೆ ಬಂದ ಮೇಲೆ ಕಾಕಾ ನನ್ನ ಕಿವಿಯಲ್ಲಿ ಕೇಳಿದ: "ರಾಯರ, ನಾ ಕರದದ್ದೂ ಖರೆ. ಆಕಿಗಿ ಕೇಳಲಾರದ್ದೂ ಖರೆ. ಯಾವ ಖರೇಕ ತಲಿ ಹಾಕಲಿ?"

ನಾನು ಬಹಳ ಬುದ್ಧಿವಂತನಂತೆ, "ಕೇಳಿದ್ದಕ್ಕಷ್ಟ ಉತ್ತರಾ ಕೊಡು ಕಾಕಾ" ಅಂದೆ. ಕೋರ್ಟಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು.

ಅರ್ಜಿಯ ದಿನ ಬಾಳವ್ವ ತನ್ನ ಜಬಾನಿ ಹೇಳಿಕೆ ಕೊಟ್ಟು ಮತ್ತೆ ಹೊರಗೆ ಹೋಗಿ ಬೇವಿನ ಬುಡದಲ್ಲಿ ಕೂತಳು. ಕಾಕಾ ಕಟಕಟೆ ಹತ್ತಿದ. ಪಟ್ಟಿ, ಬಿಲ್ಲೆ ಎಲ್ಲ ಹಾಕಿಕೊಂಡೇ ಬಂದಿದ್ದ. ಆ ಬಿಲ್ಲೆ ಅಂದಿನಷ್ಟು ಹೊಳೆದದ್ದನ್ನು ನಾನು ಕಂಡಿಲ್ಲ. ಪ್ರಮಾಣವನ್ನು ಶಿರಸ್ತೇದಾರರು ಹೇಳಿಕೊಟ್ಟರು, ಅವನು ತುಟಿ ಆಡಿಸಿದ. ತುಟಿಯ ಪ್ರಮಾಣ ನಡೆಯುತ್ತದೆಂದು ಸಾಹೇಬರು ಒಪ್ಪಿದರು.

ಮೈದುನನ ಕಡೆಯ ವಕೀಲರು ಎದ್ದರು. "ಏನಪಾ, ಆವತ್ತ ವಾದಿ ಹೆಸರು ಮೂರು ಸಲ ಕರದಿಯಿಲ್ಲೋ?"

ಕಾಕಾ ಬಾಯಿ ತೆರೆದ. ಗಂಟಲಮಣಿ ಏರಿತು.

"ಜೋರಾಗಿ ಹೇಳು. ಕೋರ್ಟಿಗೆ ಕೇಳಬೇಕು" ಅಂದರು ಸಾಹೇಬರು.

"ಕ... ಕರ... ದ... ದ್ವ..."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರು ದೊಡ್ಡ ಮನಸ್ಸಿನಿಂದ, "ಯಾಕ ಅಷ್ಟ ತ್ರಾಸ ತಗೋತಿ? ಬರೇ ತಲಿ ಹಾಕು, ಸಾಕು. ಕರದೆ ಅಂತ ಬರಕೋಳ್ಳೂಣು" ಅಂದರು.

ಕಾಕಾ ತಲೆಯನ್ನು ನೆಟ್ಟಗೆ ಹಿಡಿದ. ಹೌದೆಂದೂ ಹಾಕಲಿಲ್ಲ, ಅಲ್ಲವೆಂದೂ ಹಾಕಲಿಲ್ಲ. ಶಿರಸ್ತೇದಾರರು ತಮ್ಮ ತಲೆಯನ್ನು ಹಾಕಿ ತೋರಿಸಿದರು, ಕೂಸಿಗೆ ಊಟ ಮಾಡಿಸುವ ತಾಯಿ ತಾನೇ ಬಾಯಿ ತೆರೆದ ಹಾಗೆ. ಕಾಕಾ ಅವರ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದ. ಹೆಬ್ಬೆರಳು ಗಂಟಲನ್ನು ಬಿಟ್ಟಿತು. ಎಡಗೈ ಮೆಲ್ಲಗೆ ಮೇಲೇರಿ ಕಿವಿಯ ಹಿಂದೆ ಹೋಯಿತು.

"ವಾದೀ ಬಾಳವ್ವಾಽಽ..."

ಮಸಿಯಲ್ಲಿ ಅದ್ದಿದ ನನ್ನ ಟಾಕು ಅಲ್ಲೇ ನಿಂತಿತು.

"ನಿನ್ನ ಹೆಸರ ಕರದೇನವ್ವಾಽಽ... ಹುಕುಂದಂಗ ಸಾದಾ ಕರದೇನವ್ವಾಽಽ... ಧ್ವನಿ ನನ್ನ ಗಂಟಲ ದಾಟಲಿಲ್ಲವ್ವಾಽಽ... ನೀ ಹಾಜರ ಇದ್ದೀಽಽ... ನಾನs ಗೈರಹಾಜರಽಽ..."

ದನಿ ಮೇಲೇರುತ್ತ ಹೋಯಿತು, ವಾದಿಯ ಧಾಟಿ. ಹಂಚು ದಾಟಿತು, ಅಂಗಳಕ್ಕೆ ಇಳಿಯಿತು. ಹೊರಗೆ ಬೇವಿನ ಕೆಳಗಿನ ಮಂದಿಯೆಲ್ಲ ದಡಬಡಿಸಿ ಎದ್ದುನಿಂತದ್ದು ಕಿಟಕಿಯಲ್ಲಿ ಕಂಡಿತು. ಮರುಕ್ಷಣದಲ್ಲಿ ಬಾಳವ್ವ ಬುತ್ತಿಗಂಟು ಕೈಯಲ್ಲಿ ಹಿಡಿದುಕೊಂಡೇ, ಬಾಗಿಲಲ್ಲಿ ಯಾರನ್ನೋ ನೂಕಿ ಒಳಗೆ ಬಂದು ನಿಂತಳು.

"ಬಂದೆ ಯಪ್ಪಾ, ಬಂದೆ! ಹಾಜರ ಅದೀನಿ!"

ಆಗ ನಕ್ಕರು. ಹಿಂದಿನ ಬೆಂಚಿನವರು ನಕ್ಕರು, ವಕೀಲರು ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು, ಬೇಲೀಫ ನಗಲು ಜಗಲಿಗೆ ಹೋದ. ಸಾಹೇಬರು ಮೇಜು ಬಡಿದು ಎಲ್ಲರನ್ನೂ ಸುಮ್ಮನಾಗಿಸಿದರು. ಕಾಕಾ ಕೈ ಕೆಳಗಿಳಿಸಿ, ಪಟ್ಟಿ ಸರಿಮಾಡಿಕೊಂಡು, ಕಟಕಟೆಯ ಕಟ್ಟಿಗೆ ಹಿಡಿದು ನಿಂತಿದ್ದ. ಅವನ ಹೆಂಡತಿ ಹೇಳಿದ್ದು ಸುಳ್ಳಾಗಲಿಲ್ಲ. ಮಂದಿ ನಕ್ಕಿದ್ದರು.

ಆ ವಾರದಲ್ಲಿ ನಾನು ಎರಡು ಹುಕುಂ ಪ್ರತಿ ಮಾಡಿದೆ. ಎರಡೂ ಅದೇ ಸಾಹೇಬರದು.

ಮೊದಲನೆಯದು: ಆ ದಿನ ಪುಕಾರಿನವನ ಧ್ವನಿ ಅಂಗಳಕ್ಕೆ ಕೇಳುವಂತಿರಲಿಲ್ಲವೆಂದು ಸಾಬೀತಾಗಿದೆ. ವಾದಿಯ ತಪ್ಪಿಲ್ಲ. ದಾವೆ ಮುಂದೆ ನಡೆಯತಕ್ಕದ್ದು.

ಎರಡನೆಯದಕ್ಕಾಗಿ ಕಾಕಾನನ್ನು ಮೊದಲು ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ಡಾಕ್ಟರರು ಗಂಟಲಿಗೆ ಕನ್ನಡಿ ಇಳಿಸಿ, ದೀಪ ಹಿಡಿದು ನೋಡಿದರು. ಬಾವಿಲ್ಲ, ಗಂಟಿಲ್ಲ, ಹುಣ್ಣಿಲ್ಲ. ಮಾತಾಡು ಅಂದರು, ಬರಲಿಲ್ಲ. ಹಾಡು ಅಂದರು. ಕಾಕಾ ಪ್ರಾಮಾಣಿಕನಾಗಿ ಹಾಡಿದ. ಗಂಟಲಿನಲ್ಲಿ ಯಾವ ದೋಷವೂ ಇಲ್ಲವೆಂದು ಬರೆದು ಕೊಟ್ಟರು. ಗಂಟಲು ನಿರ್ದೋಷಿಯಾಗಿ ಬಿಡುಗಡೆಯಾಯಿತು. ಶಿಕ್ಷೆ ಗಂಟಲಿನ ಮಾಲಕನಿಗೆ. ಎರಡನೆಯ ಹುಕುಂ ಹೀಗಿತ್ತು: ಸದರಿ ನೌಕರನ ಧ್ವನಿ ಉತ್ತಮವಾಗಿಯೂ ದೂರಕ್ಕೆ ಕೇಳುವಂಥದಾಗಿಯೂ ಇರುವುದನ್ನು ಈ ಕೋರ್ಟು ಕಟಕಟೆಯಲ್ಲಿ ಸ್ವತಃ ಕೇಳಿರುತ್ತದೆ. ಆದಕಾರಣ ಆ ದಿನ ಅವನು ಬೇಕೆಂದೇ ಮೆಲ್ಲಗೆ ಕರೆದನೆಂಬುದು ಸ್ಪಷ್ಟ. ನೌಕರಿಯಿಂದ ತೆಗೆಯತಕ್ಕದ್ದು.

ಅಂದರೆ ಧ್ವನಿ ಬರಲಿಲ್ಲವೆಂದು ಅವನು ಯಾವ ಧ್ವನಿಯಲ್ಲಿ ಹೇಳಿದನೋ, ಆ ಧ್ವನಿಯೇ ಅವನ ಮೇಲಿನ ಸಾಕ್ಷಿ. ಸುಮ್ಮನೆ ತಲೆ ಹಾಕಿದ್ದರೆ ನೌಕರಿ ಇತ್ತು. ಹಾಡಿದ್ದಕ್ಕೆ ಹೋಯಿತು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ನಾನು ಎರಡೆರಡು ಸಲ ಓದಿ ನೋಡಿದ್ದೇನೆ.

ಹುಕುಂ ಅವನ ಕೈಗೆ ಕೊಡುವ ಕೆಲಸ ನನ್ನದೇ ಆಯಿತು. ಕಾಕಾ ಎರಡನ್ನೂ ಬೇಡಿದ. ಜೋಡಿಸಿ ಹಿಡಿದು ಓದಿದ. ಆಮೇಲೆ ನಕ್ಕ. ಅವನ ನಗುವಿಗೆ ಗಂಟಲು ಎಂದೂ ಅಡ್ಡಬಂದದ್ದಿಲ್ಲವೆಂದು ಹೇಳಿದೆನಲ್ಲ, ಜಗಲಿಯ ಕಂಬದ ಮೇಲಿನ ಪಾರಿವಾಳಗಳು ಹಾರಿಹೋಗುವ ಹಾಗೆ ನಕ್ಕ. ಕಣ್ಣೊರೆಸಿಕೊಂಡು, ನನ್ನ ಕಿವಿಗೆ ಬಾಯಿ ತಂದು ಪಿಸುಗುಟ್ಟಿದ:

"ರಾಯರ, ಅಕ್ಷರ ಮಾತ್ರ ಛಲೋ ಬಿದ್ದಾವ್ರಿ."

ಪಟ್ಟಿ ಮತ್ತು ಬಿಲ್ಲೆಯನ್ನು ಬಿಚ್ಚಿ ಶಿರಸ್ತೇದಾರರ ಮೇಜಿನ ಮೇಲಿಟ್ಟು ಹೋದ. ನನ್ನ ಅಕ್ಷರವನ್ನು ಆಮೇಲೆಯೂ ಎಷ್ಟೋ ಮಂದಿ ಹೊಗಳಿದ್ದಾರೆ. ಯಾರು ಹೊಗಳಿದರೂ ಕಿವಿ ಬೆಚ್ಚಗಾಗುತ್ತದೆ.

ಮಗಳ ಮದುವೆ ಕಡೆಗೂ ಬನಹಟ್ಟಿಯ ನೇಕಾರರ ಮನೆಗೆ ಆಗಿತ್ತು. ಆ ಮನೆಯಲ್ಲಿ "ಕೊಟ್ಟೆ" ಅನ್ನಿಸಿಕೊಳ್ಳುವ ಹಟವಿರಲಿಲ್ಲ, ಮಗ್ಗ ನಿಲ್ಲಿಸಿ ಕೇಳಿಸಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಕಾಕಾ ಎಮ್ಮೆ ಮಾರಿ ಅಲ್ಲಿಗೇ ಹೋದ. ರಾಟಿಯ ಮುಂದೆ ಕೂತು ನೂಲು ಸುತ್ತಿ ಕೊಡುವ ಕೆಲಸ ಹಿಡಿದ. ಒಮ್ಮೆ ಪಕ್ಕದ ರಬಕವಿಗೆ ಕೆಲಸದ ಮೇಲೆ ಹೋದವನು ಅವನನ್ನು ನೋಡಲು ಹೋದೆ. ಓಣಿಯ ತುಂಬ ಮಗ್ಗದ ಸಪ್ಪಳ. ಒಬ್ಬರ ಮಾತು ಒಬ್ಬರಿಗೆ ಕೇಳುವ ಹಾಗಿಲ್ಲ. ಎಲ್ಲರೂ ಕೈಸನ್ನೆ, ಹುಬ್ಬುಸನ್ನೆ, ತುಟಿಯಾಟದಲ್ಲೇ ಸಂಸಾರ ನಡೆಸುತ್ತಿದ್ದರು. ಅವರ ನಡುವೆ ಕಾಕಾ ಇಡೀ ಓಣಿಯ ದೊಡ್ಡ ಮಾತುಗಾರನಾಗಿದ್ದ. ಅವನು ಎರಡು ಬೆರಳು ಎತ್ತಿ ಏನೋ ಅಂದರೆ ಮೂರು ಮಗ್ಗದಾಚೆಯ ಹೆಂಗಸರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಯಾರೂ ಅವನನ್ನು ಡಾಕ್ಟರರ ಹತ್ತಿರ ಕಳಿಸಿರಲಿಲ್ಲ. ಇಡೀ ಊರಿಗೇ ಧ್ವನಿ ಇಲ್ಲದ ಕಡೆ ಅವನ ರೋಗ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ.

ಚಹಾ ಕೊಡಲು ಬಂದ ಮಗಳನ್ನು ಕೇಳಿದೆ: "ಏನವಾ, ನಿಮ್ಮಪ್ಪ ಭಜನಿಗೆ ಹೋಗ್ತಾನೇನು ಈಗ?"

"ಇಲ್ರೀ ರಾಯರ. ಆ ಕೋರ್ಟಿನಾಗಿಂದು ಆದಮ್ಯಾಲೆ ಹಾಡೂದs ಬಿಟ್ಟಾನ. ಕೂಸಿನ್ನ ತೊಟ್ಟಲಾಗ ಹಾಕಿ ಒಂದ್ ಜೋಗುಳಾ ಹಾಡೋ ಯಪ್ಪಾ ಅಂದರೂ ಹಾಡೂದಿಲ್ಲ. ಬರೇ ತೂಗ್ತಾನ."

ರೋಗ ಮಾತನ್ನಷ್ಟೇ ತೆಗೆದುಕೊಂಡಿತ್ತು. ಹಾಡನ್ನು ತೆಗೆದುಕೊಂಡದ್ದು ಕೋರ್ಟು.

ಬಹಳ ವರ್ಷಗಳ ಮೇಲೆ, ನನ್ನ ತಂಗಿಯ ಮಗ ಡಾಕ್ಟರನಾಗಿ ಬಂದವನಿಗೆ ಈ ಕಥೆ ಹೇಳಿದೆ. ಅವನು ನಗಲಿಲ್ಲ. ಅದಕ್ಕೊಂದು ಹೆಸರಿದೆ ಮಾಮಾ, ಅಂದ. ಗಂಟಲು ಕೆಟ್ಟಿರುವುದಿಲ್ಲವಂತೆ. ಮಾತಾಡೆಂದು ಮಿದುಳಿನಿಂದ ಹೊರಡುವ ಹುಕುಂ ದಾರಿಯಲ್ಲಿ ತಪ್ಪಿ, ಗಂಟಲಿನ ಸ್ನಾಯುಗಳನ್ನು ಹಿಚುಕಿಬಿಡುತ್ತದಂತೆ. ಕೆಲವರಿಗೆ ಹಾಡು ಬರುತ್ತದೆ, ನಗು ಬರುತ್ತದೆ, ಪಿಸುಮಾತು ಬರುತ್ತದೆ, ಮಾತೊಂದು ಬರುವುದಿಲ್ಲ. ಅಂಥವರನ್ನು ಎಲ್ಲ ದೇಶಗಳಲ್ಲೂ ಸೋಗಿನವರೆಂದೇ ತಿಳಿದಿದ್ದರಂತೆ. ನಮ್ಮ ಕೋರ್ಟು ಜಗತ್ತಿಗಿಂತ ಹಿಂದೆ ಬಿದ್ದಿರಲಿಲ್ಲ ಎಂಬ ಹೆಮ್ಮೆಯಾದರೂ ನನಗಿರಲಿ. ಆ ಹೆಸರನ್ನು ಚೀಟಿಯಲ್ಲಿ ಬರೆದು ಕೊಡು ಅಂದೆ, ಬರೆದು ಕೊಟ್ಟ. ಈಗ ಅದನ್ನು ಯಾವ ಸಾಹೇಬರ ಮುಂದೆ ಇಡಲಿ?

ಅದಕ್ಕೆ ಎಷ್ಟೋ ವರ್ಷ ಮೊದಲೇ, ಮುಂಬಯಿ ಸರಕಾರ ಹೋಗಿ ಮೈಸೂರು ಬರುತ್ತದೆಂದು ಮಾತು ನಡೆದಿದ್ದ ಬೇಸಿಗೆಯಲ್ಲಿ, ಕಾಕಾ ತೀರಿಕೊಂಡಿದ್ದ. ಸುದ್ದಿ ಬಂದ ಕೂಡಲೇ ರಜೆ ಚೀಟಿ ಇಟ್ಟು ಬನಹಟ್ಟಿಗೆ ಹೋದೆ. ಓಣಿಯ ಮಗ್ಗಗಳನ್ನು ನಿಲ್ಲಿಸಿದ್ದರು. ಅಷ್ಟು ಮೌನವನ್ನು ಆ ಊರು ಎಂದೂ ಕೇಳಿರಲಾರದು. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಗಂಟಲಮಣಿ ಕೆಳಗಿಳಿದು, ಅದು ಇರಬೇಕಾದ ಜಾಗದಲ್ಲಿ ಶಾಂತವಾಗಿತ್ತು. ಅವನ ಕೊರಳನ್ನು ಹಾಗೆ ನಾನು ನೋಡಿದ್ದು ಅದೇ ಮೊದಲು.

ಹೆಣ ಎತ್ತುವ ಮುಂಚೆ ಬಾಗಿಲಲ್ಲಿ ಬುತ್ತಿಗಂಟಿನ ಮುದುಕಿಯೊಬ್ಬಳು ಬಂದು ನಿಂತಳು. ಬಾಳವ್ವ. ದಾವೆ ಇನ್ನೂ ನಡೆದಿತ್ತು, ಎರಡು ತಾರೀಖುಗಳ ನಡುವೆ ಬಂದಿದ್ದಳು. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ ತಿಳಿಯದು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡೇ ಅಳುತ್ತಾರೆ. ಬಾಳವ್ವ ಹೊಸ್ತಿಲ ಹತ್ತಿರವೇ ಕೂತು, ಸೆರಗು ಬಾಯಿಗೆ ಹಿಡಿದು ಎತ್ತಿದಳು:

"ನನ ಹೆಸರ ಕರದಾವನೇಽಽ... ಒಮ್ಮಿ ಎದ್ದು ಕರಿಯೋ ನನ್ನಣ್ಣಾಽಽ... ನಾ ಬಾಗಲಾಗ ಬಂದು ನಿಂತೇನೋಽಽ... ಹಾಜರ ಅದೀನೋಽಽ..."

ಆ ಎಳೆತದಲ್ಲಿ ವಾದಿಯ ಧಾಟಿ ಇತ್ತು, ಮೇಲೇರುವಂಥದು. ಯಾರೂ ನಗಲಿಲ್ಲ. ಯಾಕೆ ಹಾಡುತ್ತಿ, ಸಾದಾ ಹೇಳು ಎಂದು ಯಾರೂ ಅನ್ನಲಿಲ್ಲ. ಅವಳು ಕರೆದು, ಸುಮ್ಮನಾಗಿ, ಕಿವಿ ಅವನ ಕಡೆ ಇಟ್ಟು ಕೂತಳು. ಮತ್ತೆ ಕರೆದಳು. ಮತ್ತೆ ಕಾದಳು. ಮೂರನೆಯ ಸಲ ಕರೆದಾಗ ನಾನು ಹೊರಗೆ ಹೋಗಿ ನಿಂತೆ.

ಮೂರು ಸಲ ಕರೆದರೂ ಓಗೊಡದವನ ಹೆಸರಿನ ಮುಂದೆ ಏನು ಬರೆಯಬೇಕೆಂಬುದು ನನಗೆ ಬಾಯಿಪಾಠ. ಜೀವಮಾನವೆಲ್ಲ ದುಂಡನೆಯ ಅಕ್ಷರದಲ್ಲಿ ಅದನ್ನೇ ಬರೆದು ಪಿಂಚಣಿ ಉಣ್ಣುತ್ತಿದ್ದೇನೆ. ಈ ಒಬ್ಬನ ಹೆಸರಿನ ಮುಂದೆ ಬರೆಯಲು ಕೈ ಏಳಲಿಲ್ಲ. ಅದಕ್ಕೇ ಇಲ್ಲಿ ಹೆಸರನ್ನೇ ಬರೆದಿಲ್ಲ.